ಅಜ್ಜಿಯ ಹಣೆಯ ಬೊಟ್ಟನ್ನು ಆ್ಯಪ್ ಅಳಿಸಿಬಿಟ್ಟಿದೆ, ಈಗ ಏನು ಮಾಡಲಿ?

ಪ್ರಶ್ನೆ: ಸರ್, ನಮ್ಮದು ಸಾಗರದ ಹತ್ತಿರದ ಹಳ್ಳಿ. ಮನೆಯ ಜಗಲಿಯಲ್ಲಿ ಅಜ್ಜ-ಅಜ್ಜಿಯ ದೊಡ್ಡ ಕಪ್ಪು-ಬಿಳುಪು ಫೋಟೋ ಇದೆ. ಅಜ್ಜ ಕುರ್ಚಿಯಲ್ಲಿ ಕೂತಿದ್ದಾರೆ, ಅಜ್ಜಿ ತಲೆ ಮೇಲೆ ಸೆರಗು ಹೊದ್ದು ಪಕ್ಕದಲ್ಲಿ ನಿಂತಿದ್ದಾರೆ. ಮದುವೆಯಾದ ಹೊಸತರಲ್ಲಿ ತೆಗೆಸಿದ್ದು ಅಂತಾರೆ. ಅಜ್ಜ 1949ರಲ್ಲಿ, 35ನೇ ವಯಸ್ಸಿಗೇ ತೀರಿಕೊಂಡರು. ಈ ಮಳೆಗಾಲದಲ್ಲಿ ಫೋಟೋ ಗಾಜಿಗೆ ಅಂಟಿಕೊಂಡು ಅಲ್ಲಲ್ಲಿ ಬಿಳಿ ಚುಕ್ಕೆ ಬಂದಿದೆ. ದೊಡ್ಡಪ್ಪನ ಮೊಮ್ಮಗ ಅದನ್ನು ಫೋನಿನಲ್ಲಿ ತೆಗೆದು, ಆ್ಯಪ್‌ಗೆ ಹಾಕಿ, ಸರಿ ಮಾಡಿಸಿ, ಬಣ್ಣ ಹಾಕಿಸಿದ. ಅಜ್ಜಿ ಕಣ್ಣು ಮಿಟುಕಿಸಿ ನಗುವ ವಿಡಿಯೋನೂ ಮಾಡಿದ. ಎಲ್ಲರೂ ಖುಷಿಪಟ್ಟರು. ದೊಡ್ಡಪ್ಪ ಮಾತ್ರ ಆವತ್ತು ಊಟ ಮಾಡಲಿಲ್ಲ. "ಅಪ್ಪನ ಪಕ್ಕದಲ್ಲಿ ನಿಲ್ಲಿಸಿಕೊಂಡೇ ಅಮ್ಮನ ಹಣೆ ಬರಿದು ಮಾಡಿದಿರಲ್ಲೋ" ಅಂದರು. ಆಮೇಲೆ ನೋಡಿದರೆ ಹೌದು, ಬೊಟ್ಟು ಮಾಯವಾಗಿದೆ. ಸೀರೆ ನೀಲಿ ಬಂದಿದೆ, ಆದರೆ ನಾನು ಅಜ್ಜಿಯನ್ನು ಕೆಂಪು ಸೀರೆಯಲ್ಲೇ ನೋಡಿದ್ದು. ಆ್ಯಪ್ ಹೇಳಿದ ಬಣ್ಣ ನಿಜವಾ? ಅವರ ಮುಖ ಯಾಕೆ ಅಷ್ಟು ಬಿಗಿ? ಅಜ್ಜ ಅಜ್ಜಿಗಿಂತ ಚಿಕ್ಕವರ ಹಾಗೆ ಯಾಕೆ ಕಾಣ್ತಾರೆ? ಹಳೇದು ಹಾಳಾಗಿದೆ, ಹೊಸದಕ್ಕೇ ಕಟ್ಟು ಹಾಕಿಸಿ ತೂಗುಹಾಕಬಹುದಾ? ಎರಡೂ ಚಿತ್ರ ಕಳಿಸಿದ್ದೇನೆ.

ಉತ್ತರ: ನೀವು ಕೇಳಿರೋದು ನಾಲ್ಕು ಪ್ರಶ್ನೆ. ಆದರೆ ನಿಮ್ಮನ್ನು ಕಾಡ್ತಾ ಇರೋದು ಕೇಳದೇ ಬಿಟ್ಟ ಐದನೆಯದು, ಅಲ್ವಾ? ದೊಡ್ಡಪ್ಪನಿಗೆ ಯಾಕೆ ಅಷ್ಟು ನೋವಾಯಿತು ಅನ್ನೋದು. ಅದಕ್ಕೆ ಬರ್ತೀನಿ. ಅದಕ್ಕಿಂತ ಮೊದಲು ಒಂದು ತುರ್ತು ಮಾತು.

ಫೋಟೋವನ್ನು ಗಾಜಿನಿಂದ ಬಿಡಿಸಲು ಹೋಗಬೇಡಿ. ಯಾರು ಹೇಳಿದರೂ ಬೇಡ. ಆ ಕಾಲದ ಕಪ್ಪು-ಬಿಳುಪು ಪ್ರಿಂಟಿನಲ್ಲಿ ಚಿತ್ರ ಕಾಗದದ ಮೇಲಿಲ್ಲ, ಕಾಗದಕ್ಕೆ ಬಳಿದ ಜೆಲಟಿನ್ ಪದರದಲ್ಲಿದೆ. ಆ ಪದರದೊಳಗಿನ ಬೆಳ್ಳಿಯ ಸಣ್ಣ ಕಣಗಳೇ ನಿಮ್ಮ ಅಜ್ಜ-ಅಜ್ಜಿ. ಜೆಲಟಿನ್ ಅಂದರೆ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಅಂಟು. ಮಲೆನಾಡಿನ ಮಳೆಗಾಲದಲ್ಲಿ ಅದು ತೇವ ಕುಡಿದು ಉಬ್ಬಿ, ಮೆತ್ತಗಾಗಿ, ಗಾಜಿಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಬಿಸಿಲು ಬಂದಾಗ ಅಲ್ಲೇ ಒಣಗುತ್ತದೆ. ಈಗ ಎಳೆದರೆ ಕಾಗದ ನಿಮ್ಮ ಕೈಗೆ ಬರುತ್ತೆ, ಮುಖ ಗಾಜಿನಲ್ಲೇ ಉಳಿಯುತ್ತೆ. ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿ ಬಿಡಿಸಿದ ಒಂದು ಫೋಟೋ ಒಮ್ಮೆ ನನ್ನ ಹತ್ತಿರ ಬಂದಿತ್ತು. ಎರಡು ದೇಹ ಇತ್ತು, ಒಂದೇ ತಲೆ ಇತ್ತು. ಬಿಳಿ ಚುಕ್ಕೆ ಬಹುಶಃ ಬೂಸ್ಟು. ಅದಕ್ಕೂ ಜೆಲಟಿನ್ ಅಂದರೆ ಊಟ. ಒರೆಸಿದರೆ ಬೂಸ್ಟಿನ ಜೊತೆ ಚಿತ್ರನೂ ಬರುತ್ತೆ. ಸದ್ಯಕ್ಕೆ ಮಳೆ ಹೊಡೆಯುವ ಗೋಡೆಯಿಂದ ಇಳಿಸಿ, ಒಳಗಿನ ಒಣ ಕೋಣೆಯಲ್ಲಿ ನೆಟ್ಟಗೆ ಇಡಿ. ಬಿಸಿಲಿಗೆ ಇಡಬೇಡಿ.

ಈಗ ಬೊಟ್ಟಿನ ವಿಚಾರ.

ಹುಡುಗ ಅದನ್ನು ಅಳಿಸಲಿಲ್ಲ, ಅವನನ್ನು ಬೈಬೇಡಿ. ಇಂಥ ಆ್ಯಪ್‌ಗಳನ್ನು ತಯಾರು ಮಾಡುವಾಗ ಲಕ್ಷಗಟ್ಟಲೆ ಚಿತ್ರ ತೋರಿಸಿ, ಮುಖ ಅಂದರೆ ಹೀಗೆ, ಕಲೆ ಅಂದರೆ ಹೀಗೆ ಅಂತ ಕಲಿಸಿರುತ್ತಾರೆ. ಸುತ್ತಲಿನ ಬಣ್ಣಕ್ಕೆ ಹೊಂದದ, ಒಂಟಿಯಾಗಿ ನಿಂತ ಸಣ್ಣ ಚುಕ್ಕೆ ಕಂಡರೆ ಅದಕ್ಕೆ ಕೊಳೆ ಅನಿಸುತ್ತೆ. ನಿಮ್ಮ ಫೋಟೋದಲ್ಲಿ ಬೂಸ್ಟಿನ ಚುಕ್ಕೆಗಳೂ ಇವೆ. ಅವುಗಳ ಜೊತೆ ಬೊಟ್ಟನ್ನೂ ಗುಡಿಸಿಬಿಟ್ಟಿದೆ. ಮೂಗುಬೊಟ್ಟು ಹೋಗಿರುವ ಚಿತ್ರ ನಾನು ಬೇಕಾದಷ್ಟು ನೋಡಿದ್ದೇನೆ. ಒಬ್ಬ ಯಜಮಾನರ ಹಣೆಯ ಮೂರು ಸಾಲು ವಿಭೂತಿಯನ್ನು ಗೀರು ಅಂದುಕೊಂಡು ನುಣ್ಣಗೆ ಒರೆಸಿದ್ದನ್ನೂ ನೋಡಿದ್ದೇನೆ. ಮನೆಯವರು ಫೋಟೋ ಚೆನ್ನಾಗಿ ಬಂದಿದೆ ಅಂತಲೇ ತೋರಿಸಲು ತಂದಿದ್ದರು! ನಮ್ಮಲ್ಲಿ ಒಬ್ಬರು ಯಾರು, ಯಾವ ಮನೆಯವರು, ಗಂಡ ಇದ್ದಾನಾ ಇಲ್ಲವಾ ಅನ್ನೋದನ್ನೆಲ್ಲ ಹಣೆಯ ಮೇಲಿನ ಅರ್ಧ ಇಂಚು ಜಾಗ ಹೇಳುತ್ತೆ. ಆ್ಯಪ್ ಆ ಜಾಗವನ್ನು ಚರ್ಮ ಅಂತ ಮಾತ್ರ ನೋಡುತ್ತೆ.

ಬಣ್ಣದ ಮಾತು ಸ್ವಲ್ಪ ಉದ್ದ ಇದೆ. ಕಪ್ಪು-ಬಿಳುಪು ಫೋಟೋದೊಳಗೆ ಬಣ್ಣ ಅಡಗಿ ಕೂತಿದೆ, ತಂತ್ರಜ್ಞಾನ ಅದನ್ನು ಹೊರಗೆ ತೆಗೆಯುತ್ತೆ ಅನ್ನೋ ನಂಬಿಕೆ ಜನರಲ್ಲಿದೆ. ಅದು ಸುಳ್ಳು. ಕೆಂಪು ಸೀರೆ, ಹಸಿರು ಸೀರೆ ಎರಡೂ ಒಂದೇ ಥರದ ಬೂದು ಆಗಿ ಬೀಳಬಹುದು. ಬೂದು ನೋಡಿ ಯಾವುದು ಅಂತ ಹೇಳಲು ಯಾವ ಯಂತ್ರಕ್ಕೂ ಆಗಲ್ಲ. ಆ್ಯಪ್ ಊಹೆ ಮಾಡುತ್ತೆ ಅಷ್ಟೇ. ಊಹೆ ಅಂತ ಹೇಳದೆ ತೋರಿಸೋದೇ ತೊಂದರೆ.

ಹಳೇ ಫೋಟೋಗಳಲ್ಲಿ ಇನ್ನೂ ಒಂದು ತೊಡಕಿದೆ. ಫಿಲ್ಮಿನ ಬದಲು ಕ್ಯಾಮೆರಾಕ್ಕೆ ಹಾಕುತ್ತಿದ್ದ ಶುರುವಿನ ಗಾಜಿನ ಪ್ಲೇಟುಗಳಿಗೆ ನೀಲಿ ಬೆಳಕು ಮಾತ್ರ ಕಾಣುತ್ತಿತ್ತು. ಆಮೇಲೆ ಆರ್ಥೋಕ್ರೊಮ್ಯಾಟಿಕ್ ಬಂತು. ಅದಕ್ಕೆ ಹಸಿರೂ ಕಾಣುತ್ತೆ, ಆದರೆ ಕೆಂಪಿಗೆ ಅದು ಕುರುಡು. ಎಲ್ಲ ಬಣ್ಣ ಗ್ರಹಿಸುವ ಪ್ಯಾಂಕ್ರೊಮ್ಯಾಟಿಕ್ ಪ್ಲೇಟು 1906ರಲ್ಲೇ ಮಾರುಕಟ್ಟೆಗೆ ಬಂದಿತ್ತು. ಹಾಗಿದ್ದರೂ ಸಣ್ಣ ಊರಿನ ಸ್ಟುಡಿಯೋದವರು ಆರ್ಥೋ ಬಿಡಲಿಲ್ಲ. ಅದನ್ನು ಕೆಂಪು ದೀಪ ಹಾಕಿಕೊಂಡು, ಕಣ್ಣಿಂದ ನೋಡ್ತಾ ನೋಡ್ತಾ ತೊಳೆಯಬಹುದಿತ್ತು. ಪ್ಯಾಂಕ್ರೊಮ್ಯಾಟಿಕ್ ಆದರೆ ಪೂರ್ತಿ ಕತ್ತಲಲ್ಲಿ ಕೆಲಸ. ಹೀಗಾಗಿ ಆ ಕಾಲದ ಚಿತ್ರಗಳಲ್ಲಿ ಕುಂಕುಮ ಕರಿ ಚುಕ್ಕೆಯಾಗಿ ಕಾಣುತ್ತೆ. ತಿಳಿ ನೀಲಿ ಸೀರೆ ಹೆಚ್ಚುಕಡಿಮೆ ಬಿಳಿಯಾಗುತ್ತೆ. ಗೋಧಿ ಬಣ್ಣದ ಮೈ ಕೂಡ ಇದ್ದದ್ದಕ್ಕಿಂತ ಕಪ್ಪಾಗಿ ಬರುತ್ತೆ. "ನಮ್ಮ ತಾತ ಇಷ್ಟೊಂದು ಕಪ್ಪಗಿದ್ದರಾ?" ಅಂತ ಕೇಳುವವರಿಗೆ ನಾನು ಕೊಡುವ ಉತ್ತರ ಇದೇ. ತಾತ ಕಪ್ಪಗಿದ್ದರೋ ಇಲ್ಲವೋ, ಪ್ಲೇಟಿಗೆ ಕೆಂಪು ಕಾಣುತ್ತಿರಲಿಲ್ಲ.

ಈಗ ನಿಮ್ಮ ಅಜ್ಜಿಯ ಸೀರೆ ನೋಡಿ. ಮೂಲ ಫೋಟೋದಲ್ಲಿ ಅದು ಹೆಚ್ಚುಕಡಿಮೆ ಮಸಿ. ಆ್ಯಪ್‌ಗೆ ಗಾಢ ನೀಲಿ ಅನ್ನಿಸಿದೆ. ಆರ್ಥೋ ಪ್ಲೇಟಿನಲ್ಲಿ ಅಷ್ಟು ಕಪ್ಪಾಗಿ ಬೀಳುವ ಮೊದಲ ಬಣ್ಣ ಕೆಂಪು. ನೀವು ಅಜ್ಜಿಯನ್ನು ನೋಡಿದ್ದು ಕೆಂಪು ಸೀರೆಯಲ್ಲೇ ಅಂತ ಬರೆದಿದ್ದೀರಿ. ಗಂಡನನ್ನು ಕಳೆದುಕೊಂಡವರಿಗೆ ಕೆಲವು ಮನೆಗಳಲ್ಲಿ ಉಡಿಸುತ್ತಿದ್ದ ಕೆಂಪು ಸೀರೆ ಅದು ಅಂತ ನಾನು ಹೇಳಬೇಕಾಗಿಲ್ಲ. ತಲೆ ಮೇಲಿನ ಸೆರಗೂ ಅದಕ್ಕೆ ಹೊಂದುತ್ತೆ.

ಹಾಗಾದರೆ ಪಕ್ಕದಲ್ಲಿ ಅಜ್ಜ ಹೇಗೆ ಕೂತಿದ್ದಾರೆ?

ದಮಯಂತಿಯ ಕತೆ ಗೊತ್ತಲ್ಲ. ಸ್ವಯಂವರದಲ್ಲಿ ನಳನ ವೇಷದಲ್ಲೇ ದೇವತೆಗಳೂ ಬಂದು ಕೂತಿದ್ದರು. ಅವಳು ನಿಜವಾದ ನಳನನ್ನು ಕಂಡುಹಿಡಿದಿದ್ದು ಹೇಗೆ? ದೇವತೆಗಳಿಗೆ ನೆರಳಿಲ್ಲ, ಅವರ ಪಾದ ನೆಲಕ್ಕೆ ತಾಗಲ್ಲ, ಅವರು ರೆಪ್ಪೆ ಬಡಿಯಲ್ಲ. ಹಳೇ ಫೋಟೋ ಬಂದರೆ ನಾನೂ ಮೊದಲು ಮಾಡೋದು ಇದೇ ಪರೀಕ್ಷೆ. ನೀವು ಕಳಿಸಿದ ಚಿತ್ರವನ್ನು ದೊಡ್ಡದು ಮಾಡಿ ಕೆಳಭಾಗ ನೋಡಿ. ಅಜ್ಜನ ಕುರ್ಚಿಯ ಕಾಲುಗಳ ನೆರಳು ಜಮಖಾನೆಯ ಮೇಲೆ ಬಲಕ್ಕೆ ಬಿದ್ದಿದೆ. ಅಜ್ಜಿಗೆ ನೆರಳೇ ಇಲ್ಲ. ಅವರ ಸೀರೆಯ ನೆರಿಗೆ ನೆಲ ಮುಟ್ಟುವ ಕಡೆ ಒಂದು ಮಸುಕು ಪಟ್ಟಿ ಇದೆ, ಯಾರೋ ಬ್ರಷ್ಷಿನಿಂದ ಬೂದು ಬಣ್ಣ ಎಳೆದ ಹಾಗೆ. ಅಜ್ಜನ ಮುಖಕ್ಕೆ ಬೆಳಕು ಎಡದಿಂದ ಬಂದಿದೆ. ಅಜ್ಜಿಯ ಮೂಗಿನ ನೆರಳು ಉಲ್ಟಾ ಕಡೆಗಿದೆ. ಅಜ್ಜಿ ಒಂಚೂರು ಮಬ್ಬು, ಅಜ್ಜ ಚೂಪು.

ಇನ್ನೂ ಒಂದು ಇದೆ. ಅದು ಕಂಡಾಗ ನಾನು ಕುರ್ಚಿಯಿಂದ ಎದ್ದು ನಿಂತೆ. ಅಜ್ಜಿಯ ಸೀರೆಗೆ ಒಂದು ಬಿಳಿ ಅಂಚಿದೆ. ಸೀರೆ ಮಡಿಕೆಯಾದ ಕಡೆ ಅಂಚೂ ಅದರ ಜೊತೆ ಬಾಗಬೇಕು ತಾನೇ? ಇಲ್ಲಿ ಬಾಗಿಲ್ಲ. ಮಡಿಕೆಗಳ ಮೇಲೆ ನೇರವಾಗಿ, ಸ್ಕೇಲ್ ಇಟ್ಟು ಎಳೆದ ಹಾಗೆ ಹೋಗಿದೆ. ಅದು ನೇಯ್ದ ಅಂಚು ಅಲ್ಲ, ಬರೆದ ಅಂಚು. ಕೈಬಳೆಗಳೂ ಹಾಗೇ, ಕೈಯ ಸುತ್ತ ತಿರುಗಿಲ್ಲ, ಮೇಲೆ ಅಂಟಿಸಿದ ಗೆರೆಗಳಂತಿವೆ. ಅಂದ ಮೇಲೆ ಬೊಟ್ಟು?

ಬೊಟ್ಟೂ ಬರೆದದ್ದೇ ಅಂತ ನನ್ನ ಅಂದಾಜು. ಫೋನಿನ ಚಿತ್ರ ನೋಡಿ ಹೇಳ್ತಾ ಇದ್ದೇನೆ, ತಪ್ಪಿರಬಹುದು. ನೀವೇ ನೋಡಿ ಖಾತ್ರಿ ಮಾಡಿಕೊಳ್ಳಬಹುದು. ರಾತ್ರಿ ದೀಪ ಆರಿಸಿ, ಟಾರ್ಚನ್ನು ಪಕ್ಕದಿಂದ, ಗೋಡೆಗೆ ಒರಗಿಸಿದಷ್ಟು ಓರೆಯಾಗಿ ಹಿಡಿದು ಹಣೆ ನೋಡಿ. ಗಾಜಿಗೆ ಅಂಟದ ಕಡೆ ಪ್ರಿಂಟು ಹೊಳೆಯುತ್ತೆ. ಬೊಟ್ಟಿನ ಜಾಗ ಮಾತ್ರ ಹೊಳಪಿಲ್ಲದೆ ಮಂಕಾಗಿದ್ದರೆ ಅದು ಪ್ರಿಂಟಿನ ಮೇಲೆ ಇಟ್ಟ ಮಸಿ. ಹಣೆಯ ಹಾಗೇ ಹೊಳೆದರೆ ಪ್ರಿಂಟು ಹಾಕುವ ಮೊದಲೇ ಬರೆದಿದ್ದಾರೆ, ಇಲ್ಲಾ ನಿಜವಾಗಿಯೂ ಇತ್ತು.

ಇದು ಆ ಕಾಲದ ಮಾಮೂಲಿ ಕೆಲಸ. ಗಂಡನ ಒಂದು ಫೋಟೋ ಇರುತ್ತಿತ್ತು, ಅವನು ಹೋಗಿ ಎಷ್ಟೋ ವರ್ಷದ ಮೇಲೆ ಹೆಂಡತಿಯ ಒಂದು ಫೋಟೋ ಸಿಗುತ್ತಿತ್ತು. ಹೆಂಡತಿಯನ್ನು ಕತ್ತರಿಯಿಂದ ಅಂಚು ಹಿಡಿದು ಕತ್ತರಿಸಿ, ಗಂಡನ ಫೋಟೋ ಮೇಲೆ ಅಂಟಿಸಿ, ಜೋಡಣೆ ಕಾಣದ ಹಾಗೆ ಬಣ್ಣ ಹಚ್ಚುತ್ತಿದ್ದರು. ಅದನ್ನು ಮತ್ತೆ ಕ್ಯಾಮೆರಾದಲ್ಲಿ ತೆಗೆದು, ಹೊಸ ನೆಗೆಟಿವ್ ಮಾಡಿ, ದೊಡ್ಡ ಪ್ರಿಂಟು ಹಾಕುತ್ತಿದ್ದರು. ಸ್ಟುಡಿಯೋದಲ್ಲಿ ಇದಕ್ಕೆ 'ಟಚಿಂಗ್' ಮಾಡುವವರು ಬೇರೆಯೇ ಇರುತ್ತಿದ್ದರು. ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಆಡಿಸಿ ಸುಕ್ಕು ತೆಗೆಯೋದು, ಪ್ರಿಂಟಿನ ಮೇಲೆ ಬ್ರಷ್ಷಿನಿಂದ ಒಡವೆ ಹಾಕೋದು ಅವರ ಕೆಲಸ. ನಾನು ಕೆಲಸ ಕಲಿತಿದ್ದು ಅಂಥ ಒಬ್ಬರ ಹತ್ತಿರ. ಅವರು ಮೊದಲು ಕೇಳುತ್ತಿದ್ದದ್ದು ಒಂದೇ: "ಬೊಟ್ಟು ಇಡಲಾ, ಬೇಡವಾ?" ಜನ ಉತ್ತರ ಕೊಡುವ ಮೊದಲು ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದರು.

ಅಜ್ಜ ಚಿಕ್ಕವರ ಹಾಗೆ ಕಾಣೋದಕ್ಕೆ ಕಾರಣ ಸಿಕ್ಕಿತಲ್ಲ. ಅವರ ಫೋಟೋ 30-35ರಲ್ಲಿ ನಿಂತುಬಿಟ್ಟಿದೆ. ಅಜ್ಜಿ ಬದುಕಿದರು, ವಯಸ್ಸಾಯಿತು.

ಹಾಗಂತ ಈ ಫೋಟೋ ಸುಳ್ಳು ಅಂತ ನಾನು ಹೇಳಲ್ಲ. ಇಂಥ ಜೋಡಿಸಿದ ಫೋಟೋವನ್ನು 'ಫೇಕ್' ಅಂತ ನಕ್ಕು ಪಕ್ಕಕ್ಕಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತೆ. ಮನೆಯ ಗೋಡೆಗೆ ಫೋಟೋ ಹಾಕಿಸುವವರು ಪೊಲೀಸರಿಗೆ ಪುರಾವೆ ಕೊಡಲು ಹಾಕಿಸಿದ್ದಲ್ಲ. ನಮ್ಮ ಗೋಡೆಗಳಲ್ಲಿ ದೇವರ ಪಟ, ಗಾಂಧೀಜಿ, ಮನೆಯ ಹಿರಿಯರು ಒಂದೇ ಸಾಲಿನ ಮೊಳೆಯಲ್ಲಿ ತೂಗುತ್ತಾರೆ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಪ್ರೆಸ್ ಹಾಕಿ ಲಕ್ಷ್ಮಿ-ಸರಸ್ವತಿಯರನ್ನು ಬಣ್ಣದಲ್ಲಿ ಅಚ್ಚು ಹಾಕಿಸಿದ. ಆಮೇಲೆ ದೇವರು ಗಾಜು-ಕಟ್ಟು ಹಾಕಿಸಿಕೊಂಡು ಸಾಮಾನ್ಯರ ಮನೆಗೂ ಬಂದ. ಹಿರಿಯರ ಫೋಟೋಕ್ಕೂ ಅದೇ ಅಂಗಡಿಯ ಕಟ್ಟು, ಅದೇ ಗಾಜು, ಗಾಜಿನ ಮೇಲೆ ಅದೇ ಗಂಧ-ಕುಂಕುಮ. ಪಟಕ್ಕೆ ಮಾಡುವ ಮರ್ಯಾದೆಯನ್ನೇ ಫೋಟೋಕ್ಕೂ ಮಾಡಿದರು. ಪಟದಲ್ಲಿ ದೇವರು ಹೇಗಿರಬೇಕೋ ಹಾಗಿರುತ್ತಾನೆ. ಹಿರಿಯರೂ ಹಾಗೇ. ಹೇಗಿದ್ದರು ಅನ್ನೋದಕ್ಕಿಂತ ಹೇಗೆ ಇರಲಿ ಅಂತ ಮನೆಯವರು ಬಯಸಿದರು ಅನ್ನೋದು ಅಲ್ಲಿರುತ್ತೆ. 1949ರಲ್ಲಿ ಹೋದದ್ದನ್ನು ಅಜ್ಜಿಗೆ ಯಾರೂ ತಿರುಗಿ ಕೊಡಲು ಆಗುತ್ತಿರಲಿಲ್ಲ. ಗೋಡೆ ಮೇಲೆ ಕೊಟ್ಟರು.

ಬಿಗಿ ಮುಖದ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ಕ್ಯಾಮೆರಾದ ಮುಂದೆ ಬಹಳ ಹೊತ್ತು ಅಲ್ಲಾಡದೆ ಕೂರಬೇಕಿತ್ತು, ಅದಕ್ಕೇ ನಗುತ್ತಿರಲಿಲ್ಲ ಅಂತ ಎಲ್ಲರೂ ಹೇಳ್ತಾರೆ. ಅದು ಶುರುವಿನ ಕಾಲಕ್ಕೆ ನಿಜ. 1854ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಲಿನೇಯಸ್ ಟ್ರೈಪ್ ಹಳೇಬೀಡು-ಬೇಲೂರಿನ ಗುಡಿಗಳನ್ನು, 1856ರಲ್ಲಿ ಅಂಥದ್ದೇ ಇನ್ನೊಬ್ಬ ಅಧಿಕಾರಿ ಗ್ರೀನ್‌ಲಾ ಹಂಪಿಯನ್ನು ತೆಗೆದಾಗ ಮೇಣ ಹಚ್ಚಿದ ಕಾಗದದ ನೆಗೆಟಿವ್ ಇತ್ತು. ಅದಕ್ಕೆ ಬೆಳಕು ತಾಗಲು ನಿಮಿಷಗಟ್ಟಲೆ ಬೇಕಿತ್ತು. ಎದುರಿಗೆ ಯಾರಾದರೂ ನಡೆದುಹೋದರೆ ಅವರು ಚಿತ್ರದಲ್ಲಿ ಬೀಳುತ್ತಲೇ ಇರಲಿಲ್ಲ. ನಿಮ್ಮ ಅಜ್ಜನ ಕಾಲಕ್ಕೆ ಆ ಕಷ್ಟ ಮುಗಿದಿತ್ತು, ನಗಲು ಬೇಕಾದಷ್ಟು ಪುರಸೊತ್ತಿತ್ತು. ನಗಲಿಲ್ಲ, ಯಾಕಂದರೆ ಸ್ಟುಡಿಯೋಕ್ಕೆ ಹೋಗೋದು ಜೀವನದಲ್ಲಿ ಒಂದೋ ಎರಡೋ ಸಲ. ಹಲ್ಲು ಬಿಟ್ಟುಕೊಂಡು ಗೋಡೆಗೆ ಏರಲು ಯಾರಿಗೂ ಇಷ್ಟ ಇರಲಿಲ್ಲ. ನಗು ಬಂದದ್ದು ಕ್ಯಾಮೆರಾ ಮನೆಯೊಳಗೆ ಬಂದ ಮೇಲೆ. ನಮ್ಮ ಮನೆಯಲ್ಲಿ ಅದು ಅಗ್ಫಾ ಕ್ಲಿಕ್ 3, ಒಂದು ರೋಲಿಗೆ 12 ಚಿತ್ರ. ಆ 12ರಲ್ಲಿ ನಮ್ಮಮ್ಮ ನಕ್ಕಿದ್ದು ಒಂದರಲ್ಲಿ, ಅದೂ ನೋಡಿಕೊಳ್ಳದೆ.

ಕಣ್ಣು ಮಿಟುಕಿಸುವ ವಿಡಿಯೋ ನನಗೆ ಹಿಡಿಸಲ್ಲ. ಶಿಲ್ಪಿಗಳು ವಿಗ್ರಹಕ್ಕೆ ಕಣ್ಣು ತೆರೆಸೋದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ನಮ್ಮ ಟಚಿಂಗ್‌ನವರೂ ಕಣ್ಣಿಗೇ ಜಾಸ್ತಿ ಹೊತ್ತು ಕೊಡುತ್ತಿದ್ದರು. ತೀರಿಹೋದವರನ್ನು ಕೂರಿಸಿ ತೆಗೆದ ಫೋಟೋಗಳಿಗೆ ಅವರು ಕಣ್ಣು ಬರೆದು ತೆರೆಸಿದ್ದೂ ಉಂಟು. ಗೋಡೆ ಮೇಲಿನವರು ನಮ್ಮನ್ನು ನೋಡ್ತಾ ಇರಬೇಕು, ರೆಪ್ಪೆ ಬಡಿಯದೆ. ಆದರೆ ಇದು ನನ್ನ ರುಚಿ. ಹುಡುಗನಿಗೆ ಅಜ್ಜಿಯ ಮುಖ ಮೊದಲ ಸಲ ಹತ್ತಿರ ಅನ್ನಿಸಿದ್ದರೆ ಅದೂ ಸಣ್ಣದೇನಲ್ಲ. ಫೋನಿನಲ್ಲಿ ಇರಲಿ ಬಿಡಿ.

ಇನ್ನು ಮಾಡಬೇಕಾದ್ದು. ಮೊದಲು ಗಾಜಿನ ಸಮೇತ ಒಂದು ಒಳ್ಳೇ ಚಿತ್ರ ತೆಗೆಸಿ. ಫ್ಲ್ಯಾಶ್ ಬೇಡ. ಎರಡೂ ಪಕ್ಕದಿಂದ ಓರೆಯಾಗಿ ಬೆಳಕು ಕೊಟ್ಟು, ತೆಗೆಯುವವರ ಹಿಂದೆ ಕರಿ ಬಟ್ಟೆ ಕಟ್ಟಿದರೆ ಗಾಜಿನಲ್ಲಿ ಪ್ರತಿಬಿಂಬ ಬೀಳಲ್ಲ. ಕ್ಯಾಮೆರಾ ಫೋಟೋದ ನಟ್ಟನಡುವೆ, ಸಮನಾಗಿ ಇರಲಿ. ಆ ಫೈಲನ್ನು ಹಾಗೇ ಎರಡು ಕಡೆ ಇಟ್ಟುಕೊಳ್ಳಿ, ಅದರ ಮೇಲೆ ಏನೂ ಮಾಡಬೇಡಿ. ಸರಿಮಾಡೋದೆಲ್ಲ ಅದರ ನಕಲಿನ ಮೇಲೆ. ಇದಕ್ಕೆ ಖರ್ಚು ಕಡಿಮೆ, ಅಪಾಯವೂ ಇಲ್ಲ.

ಆ್ಯಪ್‌ನಲ್ಲೇ ಮತ್ತೆ ಮಾಡಬಹುದು, ಪುಕ್ಕಟೆ ಆಗುತ್ತೆ. ಆದರೆ ಅದು ಬೊಟ್ಟು ಇಟ್ಟರೂ ಇನ್ನೇನನ್ನೋ ತೆಗೆದಿರುತ್ತೆ, ಸ್ವಲ್ಪ ಬೇರೆಯವರ ಮುಖವನ್ನೇ ಕೂರಿಸಿರುತ್ತೆ. ನೀವು ಕಳಿಸಿರೋದರಲ್ಲೇ ಅಜ್ಜಿಯ ಎಡಗಿವಿಯ ಹಾಲೆ ನೋಡಿ. ಮೂಲದಲ್ಲಿ ಓಲೆ ಭಾರಕ್ಕೆ ಉದ್ದವಾಗಿ ಜೋತುಬಿದ್ದಿದೆ, ಆ್ಯಪ್‌ನಲ್ಲಿ ಕಾಲೇಜು ಹುಡುಗಿಯ ಕಿವಿ ಬಂದಿದೆ. ಕೈಯಿಂದ ಸರಿಮಾಡುವವರ ಹತ್ತಿರ ಕೊಟ್ಟರೆ ದುಡ್ಡು ಹೋಗುತ್ತೆ, ದಿನ ಹಿಡಿಯುತ್ತೆ. ಮೂಲದಲ್ಲಿ ಇಲ್ಲದ್ದನ್ನು ಸೇರಿಸಬೇಡಿ, ಇದ್ದದ್ದನ್ನು ತೆಗೆಯಬೇಡಿ ಅಂತ ಮೊದಲೇ ಹೇಳಿ. ಬಣ್ಣ ಹಾಕಿಸಲೇಬೇಕು ಅಂದರೆ ಅಜ್ಜಿಯನ್ನು ಕಣ್ಣಾರೆ ನೋಡಿದವರನ್ನು ಕೇಳಿ ಹಾಕಿಸಿ. ನನ್ನ ಮಾತು ಕೇಳುವುದಾದರೆ ಕಪ್ಪು-ಬಿಳುಪಿನಲ್ಲೇ ಬಿಡಿ. ಕೆಂಪು ಹಾಕಿದರೆ ಬೊಟ್ಟಿನ ಜೊತೆ ಜಗಳ, ನೀಲಿ ಹಾಕಿದರೆ ನಿಮ್ಮ ನೆನಪಿನ ಜೊತೆ ಜಗಳ. ಬೂದು ಬಣ್ಣ ಎರಡನ್ನೂ ಸಂಭಾಳಿಸಿಕೊಂಡು ಇಷ್ಟು ವರ್ಷ ಬಂದಿದೆ.

ಹಳೇ ಪ್ರಿಂಟನ್ನು ಮಾತ್ರ ಎಸೆಯಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಲ್ಯಾಮಿನೇಷನ್ ಮಾಡಿದ್ದನ್ನು ಆಮೇಲೆ ಬಿಡಿಸಲು ಆಗಲ್ಲ, ಒಳಗೆ ತೇವ ಸಿಕ್ಕಿಕೊಂಡರೆ ಬೂಸ್ಟಿಗೆ ಮನೆ ಮಾಡಿಕೊಟ್ಟ ಹಾಗೆ. ಗಾಜಿನಿಂದ ಬಿಡಿಸಲೇಬೇಕು ಅನಿಸಿದರೆ ಬೆಂಗಳೂರಿನಲ್ಲಿ ಹಳೇ ಕಲೆ-ಪರಂಪರೆ ಉಳಿಸುವ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರ ಇದೆ, ಅಲ್ಲಿ ಕೇಳಿ. ಪೂರ್ತಿ ಬಿಡುತ್ತೆ ಅಂತ ತಿಳಿದವರು ಯಾರೂ ಮಾತು ಕೊಡಲ್ಲ. ಹೊಸ ಪ್ರಿಂಟಿಗೆ ಕಟ್ಟು ಹಾಕಿಸುವಾಗ ಗಾಜಿಗೂ ಫೋಟೋಕ್ಕೂ ನಡುವೆ ದಪ್ಪ ರಟ್ಟಿನ ಮೌಂಟ್ ಕೊಡಿಸಿ, ಎರಡೂ ಒಂದಕ್ಕೊಂದು ತಾಗಬಾರದು. ಕಟ್ಟಿನ ಹಿಂದಿನ ಕೆಳಮೂಲೆಗಳಿಗೆ ಎರಡು ಬಿರಡೆ (ಕಾರ್ಕ್) ಚೂರು ಅಂಟಿಸಿದರೆ ಗೋಡೆಗೂ ಕಟ್ಟಿಗೂ ನಡುವೆ ಗಾಳಿ ಆಡುತ್ತೆ. ಹತ್ತು ರೂಪಾಯಿ ಖರ್ಚಿಲ್ಲ, ಮಲೆನಾಡಿನಲ್ಲಿ ಇದರಷ್ಟು ಉಪಕಾರ ಬೇರೆ ಯಾವುದೂ ಮಾಡಲ್ಲ.

ಇಷ್ಟೆಲ್ಲ ಮಾಡುವ ಮೊದಲು ದೊಡ್ಡಪ್ಪನ ಹತ್ತಿರ ಕೂತು ಮಾತಾಡಿ. ಅಜ್ಜ ಹೋದಾಗ ಅವರು ಚಿಕ್ಕ ಹುಡುಗ ಇದ್ದಿರಬೇಕು. ಈ ಜೋಡಣೆ ಆಗಿದ್ದು ಅದಾದ ಎಷ್ಟೋ ವರ್ಷಕ್ಕೆ. ಅಷ್ಟು ದೊಡ್ಡ ಪ್ರಿಂಟು, ಅಷ್ಟು ಟಚಿಂಗ್ ಅಂದರೆ ಆ ಕಾಲಕ್ಕೆ ಒಳ್ಳೇ ದುಡ್ಡು, ಮನೆಯಲ್ಲಿ ಯಾರೋ ದುಡಿಯಲು ಶುರು ಮಾಡಿರಬೇಕು. ಸ್ಟುಡಿಯೋದವರು "ಬೊಟ್ಟು ಇಡಲಾ?" ಅಂತ ಕೇಳಿದಾಗ "ಇಡಿ" ಅಂದವರು ಅವರೇ ಇರಬಹುದು. ಬೊಟ್ಟಿನ ಸುದ್ದಿ ನೀವಾಗಿ ಎತ್ತಬೇಡಿ. ನಾನು ಬರೆದ ನೆರಳು-ಅಂಚಿನ ಕತೆಯನ್ನೂ ಹೇಳಬೇಡಿ. ಫೋಟೋ ಸ್ಟುಡಿಯೋದಿಂದ ಮನೆಗೆ ಬಂದ ದಿನ ಯಾರು ತಂದರು, ಮೊಳೆ ಯಾರು ಹೊಡೆದರು, ಅಜ್ಜಿ ಅದನ್ನು ನೋಡಿ ಏನಂದರು ಅಂತ ಕೇಳಿ. ಹುಡುಗನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವನ ಫೋನಿನಲ್ಲಿ ರೆಕಾರ್ಡರ್ ಇರುತ್ತೆ, ದೊಡ್ಡಪ್ಪ ಒಪ್ಪಿದರೆ ಆನ್ ಮಾಡಲು ಹೇಳಿ.